ರಸ್ತೆಯಲ್ಲಿ ಎಂಟು ಕುಳಿ

ನಾನು ನಡೆಯುವಾಗ ನೆಲ ನೋಡಿಕೊಂಡು ನಡೆಯುತ್ತೇನೆ. ಇದು ನಾಚಿಕೆಯಿಂದ ಬಂದದ್ದಲ್ಲ, ವಯಸ್ಸಿನಿಂದ ಬಂದದ್ದೂ ಅಲ್ಲ. ಎದುರಿಗೆ ಬಂದ ಬೀಗರು ಕೈ ಮುಗಿದದ್ದು ಗೊತ್ತಾಗದೆ ನಾನು ಮುಂದೆ ಹೋಗಿ, ಆಮೇಲೆ ಮನೆಗೆ ಫೋನ್ ಬಂದು, ನಮ್ಮ ಮನೆಯವರು ನನ್ನ ಪರವಾಗಿ ತಪ್ಪಾಯಿತೆಂದು ಹೇಳಿದ ಪ್ರಸಂಗಗಳು ಬೇಕಾದಷ್ಟಿವೆ. ಮೊನ್ನೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳೊಬ್ಬಳು, "ಏನ್ ಕಳ್ಕಂಡ್ರಕ್ಕಾ, ಓಲೇನಾ?" ಎಂದು ಕೇಳಿದಳು. ನಾನು ಇಲ್ಲ ಎನ್ನುವಷ್ಟರಲ್ಲಿ ತಾನೂ ಬಗ್ಗಿ ಹುಡುಕತೊಡಗಿದಳು. ಅವಳನ್ನು ನೋಡಿ ಇನ್ನಿಬ್ಬರು ಸೇರಿಕೊಂಡರು. ಓಲೆ ಎರಡೂ ಕಿವಿಯಲ್ಲೇ ಇವೆ ಎಂದು ತೋರಿಸಿ ಬಸ್ಸು ಹತ್ತುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ನಾನು ಹುಡುಕುವುದು ಓಲೆಯನ್ನಲ್ಲ. ಎಲ್ಲಿ ಚರಂಡಿಯ ಚಪ್ಪಡಿ ಎದ್ದಿದೆ, ಎಲ್ಲಿ ನಲ್ಲಿ ಪೈಪು ಸೋರುತ್ತಿದೆ, ಎಲ್ಲಿ ರಸ್ತೆ ಅಗೆದವರು ಮಣ್ಣು ಮುಚ್ಚದೆ ಹೋಗಿದ್ದಾರೆ, ಇವನ್ನು. ಐದು ವರ್ಷ ಪಟ್ಟಣ ಪಂಚಾಯಿತಿಯ ಸದಸ್ಯೆಯಾಗಿದ್ದರ ಫಲ ಇದು. ಅಧಿಕಾರ ಹೋಗಿ ನಾಲ್ಕು ವರ್ಷವಾಯಿತು, ಕಣ್ಣು ಮಾತ್ರ ಇನ್ನೂ ಮೇಲೆ ಎದ್ದಿಲ್ಲ. ಬೇರೆಯವರ ಊರಿಗೆ ಮದುವೆಗೆ ಹೋದಾಗಲೂ ನಾನು ಮಂಟಪಕ್ಕಿಂತ ಮೊದಲು ನೋಡುವುದು ಛತ್ರದ ಮುಂದಿನ ಮೋರಿಯನ್ನು.

ನಮ್ಮದು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ಇರುವ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಈಗಿನ ಸದಸ್ಯರು ಬೇಜಾರು ಮಾಡಿಕೊಂಡಾರು, ಅವರಲ್ಲಿ ಇಬ್ಬರು ನಮ್ಮ ಮನೆಯವರ ಕೈಯಲ್ಲಿ ಪಾಠ ಕಲಿತವರು. ಆ ಊರಿನ ಒಂದು ವಾರ್ಡು ಒಂದು ಸಲ ಮಹಿಳೆಗೆ ಮೀಸಲಾಯಿತು. ನಿಲ್ಲಬೇಕೆಂದಿದ್ದ ಗಂಡಸರೆಲ್ಲ ತಮ್ಮ ತಮ್ಮ ಮನೆಯೊಳಗೆ ಮಹಿಳೆಯರನ್ನು ಹುಡುಕುತ್ತಿದ್ದಾಗ, ಯಾರಿಗೂ ಬೇಡದವಳು ಎಲ್ಲರಿಗೂ ಬೇಕಾದವಳಾಗುತ್ತಾಳೆ ಎಂಬ ಲೆಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಗೆದ್ದೆ. ಗೆದ್ದ ಮಾರನೇ ದಿನ ಬೆಳಿಗ್ಗೆ ಹಾರ ತಂದವರು ಅದನ್ನು ನಮ್ಮ ಮನೆಯವರ ಕೊರಳಿಗೆ ಹಾಕಿದರು. ಅವರು ಭೂಗೋಳದ ಮೇಷ್ಟ್ರು, ಆಗಷ್ಟೇ ನಿವೃತ್ತರಾಗಿದ್ದರು. ಹಾರ ತೆಗೆದು ನನ್ನ ಕೈಗೆ ಕೊಟ್ಟು, "ಮೆಂಬರ್ರು ಒಳಗೆ ಒಗ್ಗರಣೆ ಹಾಕ್ತಾ ಇದ್ರು, ಈಗ ಬಂದ್ರು ನೋಡಿ" ಎಂದರು. ಅವತ್ತಿನಿಂದ ಇವತ್ತಿನವರೆಗೂ ಅವರು ನನ್ನನ್ನು ಕರೆಯುವುದು ಮೆಂಬರ್ರೇ ಎಂದೇ. ಉಪ್ಪು ಹೆಚ್ಚಾದ ದಿನ ಮಾನ್ಯ ಮೆಂಬರ್ರೇ ಎನ್ನುತ್ತಾರೆ.

ಸಣ್ಣ ಊರಿನ ಸದಸ್ಯರೆಂದರೆ ಏನು ಕೆಲಸ ಎಂದು ಬೆಂಗಳೂರಿನ ನನ್ನ ನಾದಿನಿ ಕೇಳುತ್ತಿರುತ್ತಾಳೆ. ಮನೆ ಬೇಕೆಂದವರಿಗೆ ಪಟ್ಟಿಯಲ್ಲಿ ಹೆಸರು ಬಂದಿಲ್ಲ ಎಂದು ಹೇಳುವುದು, ಪಟ್ಟಿಯಲ್ಲಿ ಹೆಸರು ಬಂದವರಿಗೆ ನಿವೇಶನ ಇಲ್ಲ ಎಂದು ಹೇಳುವುದು, ನಿವೇಶನ ಸಿಕ್ಕವರಿಗೆ ಅಲ್ಲಿಗೆ ನೀರು ಇನ್ನೂ ಹೋಗಿಲ್ಲ ಎಂದು ಹೇಳುವುದು. ಉಳಿದ ಹೊತ್ತಿನಲ್ಲಿ ಬೀದಿ ದೀಪ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಂದು ಬಲ್ಬಿಗಾಗಿ ಒಬ್ಬ ಅಜ್ಜ ಹನ್ನೊಂದು ಸಲ ಬಂದಿದ್ದ. ಹನ್ನೆರಡನೇ ಸಲ ಬಲ್ಬು ಹಾಕಿಸಿದ್ದಕ್ಕೆ ಕಡಲೆಕಾಯಿ ತಂದು ಕೊಟ್ಟು ಹೋದ. ಹದಿಮೂರನೇ ಸಲ ಬಂದು, ಬೆಳಕಿಗೆ ನಿದ್ದೆ ಬರುತ್ತಿಲ್ಲ, ತೆಗೆಸು ತಾಯಿ ಎಂದ.

ಇದರ ನಡುವೆ ಒಂದು ದಿನ ಊರಿನ ನಕ್ಷೆ ಬಂತು. ಮುಂದಿನ ಇಪ್ಪತ್ತು ವರ್ಷಕ್ಕೆ ಊರು ಹೇಗೆ ಬೆಳೆಯಬೇಕು ಎಂದು ಯಾರೋ ದೂರದಲ್ಲಿ ಕುಳಿತು ಬಣ್ಣ ತುಂಬಿದ್ದ ದೊಡ್ಡ ಹಾಳೆ. ಸಭೆಯ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಾಫಿ ಲೋಟ ಇಟ್ಟರು. ಹಳದಿ ಎಂದರೆ ವಾಸದ ಮನೆಗಳು, ನೀಲಿ ಅಂಗಡಿ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಎಲ್ಲ ಸದಸ್ಯರೂ ಮೊದಲು ಹುಡುಕಿದ್ದು ತಮ್ಮ ಮನೆಯನ್ನು. ನನ್ನ ಬಚ್ಚಲುಮನೆ ಹಸಿರಿನಲ್ಲಿತ್ತು. ಅಡುಗೆಮನೆಯವರೆಗೆ ವಾಸ, ಅಲ್ಲಿಂದಾಚೆ ಸಾರ್ವಜನಿಕ ಉದ್ಯಾನವನ. ಮನೆಗೆ ಬಂದು ಹೇಳಿದರೆ ನಮ್ಮ ಮೇಷ್ಟ್ರು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಸರಿ, ಪಾರ್ಕಿಗೆ ಹೋಗಿ ಬರ್ತೀನಿ" ಎಂದು ಸ್ನಾನಕ್ಕೆ ಹೋದರು. ಆ ತಪ್ಪು ತಿದ್ದಿಸಲು ನಾನು ಚಿತ್ರದುರ್ಗಕ್ಕೆ ನಾಲ್ಕು ಸಲ ಓಡಾಡಿದೆ. ನನ್ನ ಬಚ್ಚಲಿಗೆ ಅಷ್ಟು ಕಾಗದ ಬರೆದವಳು, ಬೇರೆಯವರ ಬಾಳಿಗೆ ಬೇಕಾದ ಒಂದು ಸಾಲು ಬರೆಸಲಿಲ್ಲ. ಅದನ್ನೇ ಹೇಳಬೇಕೆಂದು ಹೊರಟೆ, ಬಲ್ಬು, ಬಚ್ಚಲು ಎಂದು ದಾರಿ ತಪ್ಪಿತು.

ನನ್ನ ವಾರ್ಡಿನಲ್ಲಿ ಕಂಬಳಿ ಬೀದಿ ಎಂದು ಒಂದು ಬೀದಿ ಇದೆ. ನಾನು ಹುಟ್ಟಿದ ಮನೆ ಅದರ ಪಕ್ಕದ ಓಣಿಯಲ್ಲಿದೆ. ಕುರಿ ಉಣ್ಣೆ ನೂತು, ಮನೆಯೊಳಗೆ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿ, ಕರಿ ಕಂಬಳಿ ನೇಯುವವರು ಅಲ್ಲಿದ್ದಾರೆ. ನಾನು ಚಿಕ್ಕವಳಾಗಿದ್ದಾಗ ಇಪ್ಪತ್ತು ಮಗ್ಗವಾದರೂ ಇದ್ದವು. ಕಾವಲುಗಳಿಗೆಲ್ಲ ಗೋಡೆ ಬಂದು ಕುರಿ ಮೇಯುವ ಜಾಗ ಕಡಿಮೆಯಾದ ಮೇಲೆ ಉಣ್ಣೆಯೂ ಕಡಿಮೆಯಾಯಿತು, ಈಗ ಉಳಿದಿರುವುದು ಐದು. ಕಂಬಳಿ ಮನೆಯೊಳಗೆ ನೇಯುತ್ತಾರೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅರ್ಧ ಕಂಬಳಿ ಆಗುವುದು ಬೀದಿಯಲ್ಲಿ. ನೂತ ಉಣ್ಣೆಯ ಎಳೆಗಳನ್ನು ಉದ್ದಕ್ಕೆ ಹಾಸು ಮಾಡಿ, ಬೀದಿಯ ಈ ತುದಿಯಿಂದ ಆ ಬೇವಿನ ಮರದ ತನಕ ಗೂಟ ನೆಟ್ಟು ಬಿಗಿದು ಕಟ್ಟಬೇಕು. ಹುರಿದ ಹುಣಸೆ ಬೀಜ ಬೀಸಿ ಕಾಯಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಹಾಸಿನ ಉದ್ದಕ್ಕೂ ತೀಡಬೇಕು. ಬಿಸಿಲಿಗೆ ಒಣಗಿ ಎಳೆ ಗಟ್ಟಿಯಾದ ಮೇಲೆಯೇ ಅದು ಮಗ್ಗಕ್ಕೆ ಹೋಗುವುದು. ಗಂಜಿ ಕುಡಿಯದ ಉಣ್ಣೆ ಮಗ್ಗದಲ್ಲಿ ಪಟಪಟನೆ ಕಡಿಯುತ್ತದೆ.

ಹುಣಸೆ ಬೀಜದ ಗಂಜಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅದು ರಜಾದಿನದ ವಾಸನೆ. ಶಾಲೆ ಇಲ್ಲದ ದಿನ ನಾವು ಹುಡುಗಿಯರು ಹಾಸಿನ ಕೆಳಗೆ ಬಗ್ಗಿ ಈ ಕಡೆಯಿಂದ ಆ ಕಡೆ ಓಡುತ್ತಿದ್ದೆವು. ತಲೆಗೆ ಗಂಜಿ ಮೆತ್ತಿಕೊಂಡು ಮನೆಗೆ ಹೋದರೆ ಅವ್ವ ಎರಡು ಸಲ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು, ಆದರೂ ಕೂದಲು ಎರಡು ದಿನ ಕಡ್ಡಿಯಂತೆ ನಿಂತಿರುತ್ತಿತ್ತು. ಬೀದಿಯಲ್ಲಿ ಹಾಸು ಕಟ್ಟಿದ್ದಾರೆಂದರೆ ಎತ್ತಿನ ಗಾಡಿಯವರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಜಗಳ ಆಡುತ್ತಿರಲಿಲ್ಲ.

ಆ ಬೀದಿಯಲ್ಲಿ ಮಾರಕ್ಕ ಇದ್ದಾಳೆ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಗೌರಸಮುದ್ರದ ಕಡೆಯಿಂದ ಮದುವೆಯಾಗಿ ಬಂದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಗಂಡ ಬೋರಪ್ಪ ಮಗ್ಗದ ಮೇಲೆ ಕೂತರೆ ಎದ್ದೇಳುವ ಮನುಷ್ಯನಲ್ಲ, ಮಾತೂ ಆಡುವುದಿಲ್ಲ. ಹಾಸು, ಗಂಜಿ, ಬೀದಿ, ಗಿರಾಕಿ, ಮಾತು ಎಲ್ಲ ಮಾರಕ್ಕನದು. ಬೋರಪ್ಪನಿಗೆ ಒಂದು ಕಾಲು ಸ್ವಲ್ಪ ಎಳೆಯುತ್ತದೆ, ಕೂಲಿಗೆ ಹೋಗಲಾರ. ಮಗ್ಗ ನಿಂತರೆ ಆ ಮನೆಯಲ್ಲಿ ಬೇರೆ ದಾರಿ ಇಲ್ಲ, ಇದು ಬೀದಿಗೆಲ್ಲ ಗೊತ್ತು.

ನಾನು ಸದಸ್ಯೆಯಾದ ಮೇಲೆ ನನಗೆ ಒಂದೇ ಹಟ. ಕಂಬಳಿ ಬೀದಿಗೆ ಕಾಂಕ್ರೀಟ್ ರಸ್ತೆ ಮಾಡಿಸಬೇಕು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಧೂಳು, ಬೇರೆ ಬೀದಿಗಳೆಲ್ಲ ಆಗಿ ಅದೊಂದು ಹಾಗೇ ಉಳಿದಿತ್ತು. ಸಭೆಯಲ್ಲಿ ಎರಡು ವರ್ಷ ಅದನ್ನೇ ಹೇಳಿದೆ. ಒಂದು ಸಲ ಅಧ್ಯಕ್ಷರು ನನ್ನ ಮೈಕು ಆರಿಸಿದರು, ನಾನು ಮೈಕಿಲ್ಲದೆಯೂ ಹೇಳಿದೆ. ಕಡೆಗೆ ಮಂಜೂರಾಯಿತು. ಆ ದಿನದ ನನ್ನ ಸಂತೋಷ ನನ್ನ ಮದುವೆಯ ದಿನವೂ ಇರಲಿಲ್ಲ ಎಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

ಸಭೆಯಿಂದ ನೇರವಾಗಿ ಮಾರಕ್ಕನ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು ಹೇಳಿದೆ. ಮಾರಕ್ಕ ಒಂದು ಗಳಿಗೆ ಬೀದಿಯ ಕಡೆ ನೋಡಿದಳು. ಆಮೇಲೆ, "ಒಳ್ಳೇದಾತು ಬಿಡವ್ವ" ಎಂದು ಒಳಗೆ ಹೋಗಿ ಬೆಲ್ಲದ ಕಾಫಿ ತಂದಳು. ನಮ್ಮ ಕಡೆ ಒಂದು ರೀತಿ ಇದೆ. ಯಾರಾದರೂ ಖುಷಿಯಾಗಿ ಏನಾದರೂ ತಂದು ಬಾಗಿಲಲ್ಲಿ ನಿಂತರೆ ಬೇಡ ಎನ್ನಬಾರದು. ಬೇಡದ ಸೀರೆಯಾದರೂ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳಬೇಕು. ನಾನು ಆ ದಿನ ಮೂವತ್ತು ಅಡಿ ಅಗಲದ ರಸ್ತೆಯೊಂದನ್ನು ತಂದು ಅವಳ ಬಾಗಿಲಲ್ಲಿ ನಿಂತಿದ್ದೆ. ಅವಳು ಕಣ್ಣಿಗೆ ಒತ್ತಿಕೊಂಡಳು. ನಾನು ಕಾಫಿ ಕುಡಿದು ಬಂದೆ.

ಒಂದು ತಿಂಗಳ ಮೇಲೆ ಜಲ್ಲಿ ಬಂದು ಬಿತ್ತು. ನೋಡಿ ಸಂತೋಷ ಪಡೋಣ ಎಂದು ಹೋದರೆ, ಮಾರಕ್ಕ ನೆಲದಿಂದ ಗೂಟ ಅಲ್ಲಾಡಿಸಿ ಕೀಳುತ್ತಿದ್ದಳು. ಜಾಲಿ ಮರದ ಗೂಟಗಳು, ಹಿಡಿ ಸವೆದು ನುಣ್ಣಗಾಗಿದ್ದವು. ಎಂಟನ್ನೂ ಒಂದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಳು. ನನ್ನನ್ನು ನೋಡಿ ಸಿಟ್ಟಿಲ್ಲದೆ ಕೇಳಿದಳು, "ಸರೋಜ, ಸಿಮೆಂಟ್ ಮ್ಯಾಲೆ ಇವನ್ನ ಎಲ್ಲಿ ಬಡೀಲಿ?"

ಹುಟ್ಟಿದಾಗಿನಿಂದ ನೋಡಿದ ಬೀದಿ. ಆ ಗೂಟಗಳಿಗೆ ಎಷ್ಟು ಸಲ ಎಡವಿದ್ದೇನೋ ಲೆಕ್ಕವಿಲ್ಲ. ಎರಡು ವರ್ಷ ಸಭೆಯಲ್ಲಿ ಗಂಟಲು ಹರಿದುಕೊಂಡಾಗ ಒಂದು ಸಲವೂ ಅವು ನೆನಪಿಗೆ ಬರಲಿಲ್ಲ. "ಅವತ್ತೇ ಯಾಕೆ ಹೇಳ್ಲಿಲ್ಲ ಮಾರಕ್ಕ?" ಎಂದೆ.

"ಅಷ್ಟು ಖುಷಿಯಾಗಿ ಬಂದಿದ್ದಿ, ಹೆಂಗ್ ಹೇಳ್ಲಿ?" ಎಂದಳು. "ಬೀದಿ ಜನಕ್ಕೂ ರಸ್ತೆ ಬೇಕೇ ಐತೆ. ಮಕ್ಳು ಶಾಲಿಗೆ ಕೆಸರಾಗೆ ಹೋಗ್ತವೆ. ಐದು ಮಗ್ಗಕ್ಕೆ ಊರೆಲ್ಲ ಕೆಸರು ತುಳೀಬೇಕೇನು?"

ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ರಸ್ತೆಯೂ ಬೇಕು, ಹಾಸೂ ನಡೆಯಬೇಕು. ಬೇಕಾಗಿದ್ದದ್ದು ಎಂಟು ಕುಳಿ. ಒಂದು ಹಾಸು ಬಿಗಿಯಲು ಈ ತುದಿಯಲ್ಲಿ ಎರಡು ಗೂಟ, ಆ ತುದಿಯಲ್ಲಿ ಎರಡು. ಒಟ್ಟಿಗೆ ಎರಡು ಹಾಸು ಕಟ್ಟುತ್ತಾರೆ. ಗೂಟ ಇಳಿಯುವಷ್ಟು ಎಂಟು ಕುಳಿ ಕಾಂಕ್ರೀಟಿನಲ್ಲಿ ಬಿಟ್ಟರೆ ಸಾಕು.

ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸಭೆಯೆಲ್ಲ ನಗು. "ಇಡೀ ಊರು ಗುಂಡಿ ಮುಚ್ಚಿ ಅಂತ ಕೂಗ್ತಾ ಐತೆ, ಮೇಡಮ್ಮೋರು ಗುಂಡಿ ಬಿಡಿ ಅಂತಾರೆ" ಎಂದರು ಒಬ್ಬ ಸದಸ್ಯರು. ನಾನೂ ನಕ್ಕೆ. ನಗದೆ ಇರುವ ಹಾಗಿರಲಿಲ್ಲ. ಅಧ್ಯಕ್ಷರಿಗೆ ಬಿತ್ತನೆ ಬೀಜದ ಅಂಗಡಿ, ಲೋಕ ಕಂಡ ಮನುಷ್ಯ. ಅವರು ನಕ್ಷೆ ತರಿಸಿದರು. "ಕಂಬಳಿ ಬೀದಿ ಹಳದಿ. ಅಂದ್ರೆ ವಾಸ. ಅಲ್ಲಿ ಕೈಗಾರಿಕೆ ನಡೀತಾ ಇರೋದೇ ತಪ್ಪು. ಊರಾಚೆ ನೇರಳೆ ಜಾಗ ಐತಲ್ಲ, ಅಲ್ಲೊಂದು ಶೆಡ್ ಹಾಕ್ಸೋಣ, ಐದು ಮಗ್ಗನೂ ಅಲ್ಲಿಗೆ ಹೋಗ್ಲಿ" ಎಂದರು. ಎಲ್ಲರೂ ತಲೆಯಾಡಿಸಿದರು. ಶೆಡ್ಡು ಎಂದರೆ ಉದ್ಘಾಟನೆ, ಉದ್ಘಾಟನೆ ಎಂದರೆ ಕಲ್ಲು, ಕಲ್ಲಿನ ಮೇಲೆ ಹೆಸರು.

ಆ ನೇರಳೆ ಜಾಗ ಊರಿಂದ ನಾಲ್ಕು ಕಿಲೋಮೀಟರ್. ಅಲ್ಲಿ ಬೀಸುವ ಗಾಳಿಗೆ ನಿಂತ ಸೈಕಲ್ಲು ಬೀಳುತ್ತದೆ. ಮಾರಕ್ಕನಿಗೆ ಹೇಳಿದಾಗ, "ಬೋರಪ್ಪನ್ನ ದಿನಾ ಯಾರ ಹೆಗಲ ಮ್ಯಾಲೆ ಕರ್ಕಂಡ್ ಹೋಗ್ಲಿ?" ಎಂದು ಕೇಳಿದಳು. ನೇಯುವುದು, ರೊಟ್ಟಿ ತಟ್ಟುವುದು, ಕುರಿಮರಿಗೆ ಸೊಪ್ಪು ಹಾಕುವುದು, ಮೊಮ್ಮಗುವನ್ನು ಮಲಗಿಸುವುದು ಎಲ್ಲ ಒಂದೇ ಹತ್ತು ಅಡಿಯೊಳಗೆ ನಡೆಯುವ ಮನೆ ಅದು. ಅದರಲ್ಲಿ ಯಾವುದು ವಾಸ, ಯಾವುದು ಕೈಗಾರಿಕೆ ಎಂದು ಬಣ್ಣ ಹಚ್ಚಿದವರು ಬಂದು ಗೆರೆ ಎಳೆದು ತೋರಿಸಿದ್ದರೆ ನನಗೂ ಅರ್ಥವಾಗುತ್ತಿತ್ತು.

ಕಡೆಗೆ ದಾರಿ ತೋರಿಸಿದವರು ನಮ್ಮ ಆಗಿನ ಎಂಜಿನಿಯರು. ನಿವೃತ್ತಿಗೆ ಒಂದೇ ವರ್ಷ ಇದ್ದ, ಯಾರಿಗೂ ಇಲ್ಲ ಎನ್ನದ ಮನುಷ್ಯ. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಕುಳಿ ಬಿಡಿಸ್ತೀನಿ. ಆದ್ರೆ ಬರೆಯೋದು ಬೇಡ. ರಸ್ತೇಲಿ ತೂತು ಅಂತ ನಡಾವಳಿ ಪುಸ್ತಕದಲ್ಲಿ ಬರೆದ್ರೆ ನಾಳೆ ಆಡಿಟ್‌ನೋರು ಹಿಡ್ಕೋತಾರೆ. ಬರೀದಿದ್ರೆ ಯಾರೂ ಕೇಳಲ್ಲ" ಎಂದರು. ಅಧ್ಯಕ್ಷರಿಗೆ ಹೇಳಿದೆ, ಅವರೂ ಹೂಂ ಎಂದರು. ನಮ್ಮ ಕಡೆ ದೊಡ್ಡ ದೊಡ್ಡ ವ್ಯವಹಾರಗಳೇ ಎಲೆಯಡಿಕೆ ತಟ್ಟೆಯ ಮುಂದೆ ಬಾಯಿ ಮಾತಿನಲ್ಲಿ ನಡೆದುಹೋಗುತ್ತವೆ. ಎಂಟು ಕುಳಿಗೆ ಕಾಗದ ಕೇಳುವುದು ನನಗೂ ಅವಮಾನದಂತೆ ಕಂಡಿತು.

ಕಾಂಕ್ರೀಟು ಹಾಕಿದ ಮೇಸ್ತ್ರಿ ರಾಯದುರ್ಗದ ಕಡೆಯವನು. "ರೋಡ್ಡುಲೋ ಬೊಕ್ಕಲಾ?" ಎಂದು ಎರಡು ಸಲ ಕೇಳಿದ. ರಸ್ತೆಯಲ್ಲಿ ತೂತು ಬೀಳದಂತೆ ನೋಡಿಕೊಳ್ಳುವುದೇ ಅವನ ಜೀವನದ ಕಸುಬು, ಪಾಪ. ಮಾರಕ್ಕ ಅವನಿಗೆ ತೆಲುಗಿನಲ್ಲೇ ಹಾಸು, ಗೂಟ, ಗಂಜಿ ಎಲ್ಲ ವಿವರಿಸಿದಳು. ಅವನು ಕೇಳಿಸಿಕೊಂಡು, ನೀರಿನ ಪೈಪನ್ನು ಮೊಳದಷ್ಟು ಉದ್ದಕ್ಕೆ ಎಂಟು ತುಂಡು ಮಾಡಿ, ಹಸಿ ಕಾಂಕ್ರೀಟಿನಲ್ಲಿ ನೆಟ್ಟಗೆ ಕೂರಿಸಿದ. ಮೇಲೆ ಬಣ್ಣದ ಡಬ್ಬಿಗಳ ತಗಡಿನ ಮುಚ್ಚಳ. ಸ್ಕೂಟರಿನ ಚಕ್ರವೂ ಇಳಿಯದಷ್ಟು ಚಿಕ್ಕ ಬಾಯಿ.

ಆ ಸಂಜೆ ಮಾರಕ್ಕ ನನ್ನನ್ನು ಕೇಳಿದಳು, "ಇದು ಆಪೀಸ್ನಾಗೆ ಬರ್ಕಂಡವ್ರೇನು?"

"ನಾನಿದೀನಲ್ಲ ಮಾರಕ್ಕ, ಬರ್ಯೋದೇನಕ್ಕೆ?" ಎಂದೆ.

ಅವಳು ಮತ್ತೆ ಕೇಳಲಿಲ್ಲ. ನನ್ನ ಸ್ವರದಲ್ಲಿ ಸ್ವಲ್ಪ ಮುನಿಸಿತ್ತು, ಅದು ಅವಳಿಗೆ ಕೇಳಿಸಿರಬೇಕು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ ಎಂದು ಮನೆಗೆ ಬಂದ ಮೇಲೂ ಗೊಣಗಿದೆ. ನಮ್ಮ ಮೇಷ್ಟ್ರು ಪೇಪರಿನಿಂದ ತಲೆಯೆತ್ತದೆ, "ಮೆಂಬರ್ರೇ, ನೀವು ಇರೋದು ಇನ್ನು ಎರಡು ವರ್ಷ. ರಸ್ತೆ ಇರೋದು ಇಪ್ಪತ್ತು ವರ್ಷ" ಎಂದರು. ಭೂಗೋಳದವರಿಗೆ ಎಲ್ಲದಕ್ಕೂ ಒಂದು ಅಳತೆ ಎಂದುಕೊಂಡೆ.

ಎರಡು ವರ್ಷ ಕಳೆಯಿತು. ವಾರ್ಡಿನ ಮೀಸಲಾತಿ ಬದಲಾಯಿತು. ಅಧ್ಯಕ್ಷರು ತೀರಿಕೊಂಡರು. ಎಂಜಿನಿಯರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಕುಳಿಗಳು ಮಾತ್ರ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವು. ಬೀದಿಯವರಿಗೆಲ್ಲ ಅಭ್ಯಾಸವಾಗಿಹೋಗಿತ್ತು. ಹಾಸು ಕಟ್ಟಿದ ದಿನ ಬೈಕಿನವರು ಪಕ್ಕದ ಓಣಿಯಲ್ಲಿ ಹೋಗುತ್ತಿದ್ದರು, ಹಿಂದೆ ಗಾಡಿಯವರು ಹೋಗುತ್ತಿದ್ದ ಹಾಗೆಯೇ.

ಈ ವರ್ಷ ಚಳಿಗಾಲಕ್ಕೆ ಮುಂಚೆ ಹೊಸ ಎಂಜಿನಿಯರು ಬಂದರು. ಚಿಕ್ಕ ವಯಸ್ಸು, ಶ್ರದ್ಧೆಯ ಮನುಷ್ಯ. ಊರಿನ ರಸ್ತೆಗಳನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿ, ಬಿರುಕು ಗುಂಡಿಗಳ ಪಟ್ಟಿ ಮಾಡಿ, ಒಂದೇ ವಾರದಲ್ಲಿ ಮುಚ್ಚಿಸಿದರು. ನಾನು ದಾರಿಯಲ್ಲಿ ಸಿಕ್ಕಾಗ ಅವರನ್ನು ಹೊಗಳಿದೆ ಕೂಡ. ಮಾರನೇ ಬೆಳಿಗ್ಗೆ ಮಾರಕ್ಕ ಬಂದು ನಮ್ಮ ಜಗಲಿಯ ಮೇಲೆ ಕೂತಳು. ನೀರು ಕುಡಿದಳು. "ಕುಳಿ ಮುಚ್ಚವ್ರೆ ಸರೋಜ. ಎಂಟೂ" ಎಂದಳು.

ಕುರಿಯವರು ಮೊದಲೇ ಹೇಳಿ ಹೋಗಿದ್ದ ಕಂಬಳಿಗಳು ಬಾಕಿ ಇದ್ದವು. ಚಳಿಗೆ ಮುಂಚೆ ಕೊಡಬೇಕು, ವರ್ಷದ ದುಡಿಮೆ ಇರುವುದೇ ಆ ಎರಡು ತಿಂಗಳಲ್ಲಿ. ಉಣ್ಣೆ ನೂತು ಆಗಿತ್ತು, ಹಾಸು ಸುತ್ತಿ ಮನೆಯೊಳಗೆ ಇಟ್ಟಿದ್ದಳು, ಗಂಜಿಗೆ ಬೀಜ ಹುರಿದಿದ್ದಳು. ಬೇರೆ ಎಲ್ಲಾದರೂ ಕಟ್ಟೋಣವೆಂದರೆ ಅಷ್ಟು ಉದ್ದದ ನೇರ ಜಾಗ ಊರೊಳಗೆ ಇಲ್ಲ, ಶಾಲೆಯ ಬಯಲಿಗೂ ಈಗ ಕಾಂಪೌಂಡು. "ಉಳಿದ ನಾಲ್ಕು ಮನೆಯೋರೂ ನನ್ ಮುಖ ನೋಡ್ತಾರೆ. ನಾನು ನಿನ್ ಮುಖ ನೋಡಾಕ್ ಬಂದೆ" ಎಂದಳು.

ಸೀರೆ ಬದಲಾಯಿಸಿ ಆಫೀಸಿಗೆ ಹೋದೆ. ಹಿಂದೆ ನಾನು ಹೋದರೆ ಕುರ್ಚಿ ಒರೆಸುತ್ತಿದ್ದವರು ಈಗ ಕಿಟಕಿಯ ಮುಂದೆ ಸಾಲು ತೋರಿಸಿದರು. ತಪ್ಪೇನಿಲ್ಲ, ಸಾಲು ಎಲ್ಲರಿಗೂ ಒಂದೇ. ನನ್ನ ಸರದಿ ಬಂದಾಗ ಗುಮಾಸ್ತೆ ಹುಡುಗಿ ನಡಾವಳಿ ಪುಸ್ತಕ ತೆಗೆದು ಆ ತಿಂಗಳಿನ ಸಭೆಯ ಪುಟ ತೋರಿಸಿದಳು. ಬೀದಿ ದೀಪವಿತ್ತು, ಮೋರಿಯಿತ್ತು. ನನ್ನ ಬಚ್ಚಲುಮನೆಯ ತಿದ್ದುಪಡಿ ನಾಲ್ಕು ಸಾಲಿನಲ್ಲಿ, ಸರ್ವೆ ನಂಬರ್ ಸಮೇತ, ನನ್ನ ಸಹಿಯೊಂದಿಗೆ ಇತ್ತು. ಕುಳಿಯ ಸುದ್ದಿ ಒಂದಕ್ಷರ ಇರಲಿಲ್ಲ. ಆ ಪುಟವನ್ನು ನಾನು ಮತ್ತೆ ಮತ್ತೆ ತಿರುಗಿಸಿದೆ. ಇಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆದದ್ದಿಲ್ಲ.

ಎಂಜಿನಿಯರು ಒಳಗೆ ಕೂರಿಸಿ ಮಾತಾಡಿಸಿದರು. "ಮೇಡಂ, ನೀವು ಹೇಳೋದು ನಿಜಾನೇ ಇರ್ಬಹುದು. ಆದ್ರೆ ನಾನು ಯಾವುದನ್ನ ನೋಡಿ ಕೆಲಸ ಮಾಡ್ಲಿ? ದಾಖಲೇಲಿ ಅದು ರಸ್ತೆ. ರಸ್ತೇಲಿ ಕುಳಿ ಇದ್ರೆ ಮುಚ್ಚೋದು ನನ್ನ ಕೆಲಸ. ಒಂದು ಸಾಲು ಬರೆಸಿದ್ರೆ ನಾನು ಮುಟ್ತಾನೇ ಇರ್ಲಿಲ್ಲ" ಎಂದರು. ಅರ್ಜಿ ಕೊಡಿ, ಸಭೆಗೆ ಇಡೋಣ ಎಂದರು. ಸಭೆ ಯಾವಾಗ ಎಂದೆ. ಹೇಳಲಾಗದು, ಚುನಾವಣೆ ನೀತಿ ಸಂಹಿತೆ ಬಂದರೆ ಇನ್ನೂ ಮುಂದಕ್ಕೆ ಹೋಗಬಹುದು ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಹತ್ತು ಸಲ ಕಾಪಿ ಬರೆದಿದ್ದೆ. ಆಡಿದ ಮಾತು ಹೀಗೂ ಹೋಗುತ್ತದೆ ಎಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ಊಟ ಮಾಡಲಿಲ್ಲ. ನಮ್ಮ ಮನೆಯವರು ಆಡಿಕೊಳ್ಳುತ್ತಾರೆಂದು ಕಾದೆ, ಅವರೂ ಆಡಿಕೊಳ್ಳಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ, ಹಿತ್ತಲಿನಿಂದ ಹಾರೆ ತೆಗೆದುಕೊಂಡು ಕಂಬಳಿ ಬೀದಿಗೆ ನಡೆದೆ. ಹಾರೆ ಹಿಡಿದು ಎಷ್ಟೋ ವರ್ಷವಾಗಿತ್ತು. ಮೊದಲ ಏಟು ನನ್ನ ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಮಾರಕ್ಕ ಹೊರಗೆ ಬಂದು ನೋಡಿ, "ಬ್ಯಾಡ ಕಣೇ, ಪೊಲೀಸ್ರು ಬರ್ತಾರೆ" ಎಂದಳು. ನಾನು ನಿಲ್ಲಿಸಲಿಲ್ಲ. ಹೊಸ ಸಿಮೆಂಟು, ಇನ್ನೂ ಪೂರ್ತಿ ಬಲಿತಿರಲಿಲ್ಲ. ಕೆಳಗಿನ ಪೈಪು ಹಾಗೇ ಇತ್ತು. ಎರಡನೇ ಕುಳಿಗೆ ಬರುವಷ್ಟರಲ್ಲಿ ನನಗೆ ಏದುಸಿರು ಬಂತು. ಮಾರಕ್ಕ ಹಾರೆ ಇಸಿದುಕೊಂಡಳು. ಅವಳ ಏಟು ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ನಮ್ಮ ಮೇಷ್ಟ್ರು ತಂಬಿಗೆಯಲ್ಲಿ ನೀರು ತಂದು, ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು ನಿಂತರು.

ಎಂಟನೆಯದು ಒಡೆಯುವಾಗ ಎಂಜಿನಿಯರು ಬೈಕಿನಲ್ಲಿ ಬಂದರು. ಯಾರೋ ಫೋನ್ ಮಾಡಿದ್ದರು. ಅವರು ರಸ್ತೆ ನೋಡಿದರು, ಹಾರೆ ನೋಡಿದರು, ಛತ್ರಿ ನೋಡಿದರು. "ಮೇಡಂ, ಇದು ಸಾರ್ವಜನಿಕ ಆಸ್ತಿ. ನಾನು ನೋಟಿಸ್ ಕೊಡ್ಬೇಕಾಗುತ್ತೆ" ಎಂದರು. ಅವರ ಮುಖದಲ್ಲಿ ನಿಜವಾದ ಬೇಸರವಿತ್ತು.

"ಕೊಡ್ರಿ" ಎಂದೆ. "ಆದ್ರೆ ಸರಿಯಾಗಿ ಬರ್ಕೊಳ್ರಿ. ನನ್ನ ಹೆಸರು ಬರ್ಕೊಳ್ರಿ. ಎಷ್ಟು ಕುಳಿ, ಎಲ್ಲೆಲ್ಲಿ, ಒಂದರಿಂದ ಒಂದಕ್ಕೆ ಎಷ್ಟು ಅಡಿ, ಯಾತಕ್ಕೆ ಅಂತ, ಎಲ್ಲಾನೂ ಬರ್ಕೊಳ್ರಿ."

ಅವರು ಬ್ಯಾಗಿನಿಂದ ಟೇಪು ತೆಗೆದರು. ಒಂದು ತುದಿಯನ್ನು ಮಾರಕ್ಕ ಹಿಡಿದಳು. ಬೇವಿನ ಮರದಿಂದ ಬೀದಿಯ ಈ ತುದಿಯವರೆಗೆ ಅಳೆದು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ಯಾತಕ್ಕೆ ಎನ್ನುವುದನ್ನು ಮಾರಕ್ಕನ ಬಾಯಿಂದಲೇ ಕೇಳಿ ಬರೆದುಕೊಂಡು ಹೋದರು. ಮಧ್ಯಾಹ್ನಕ್ಕೆ ಬೀದಿಯಲ್ಲಿ ಹಾಸು ಏರಿತು.

ವಾರಕ್ಕೆ ನೋಟಿಸು ಬಂತು. ನನ್ನ ಹೆಸರು, ಗಂಡನ ಹೆಸರು, ಮಾಜಿ ಸದಸ್ಯೆ ಎಂಬ ಬಿರುದು, ಕಾನೂನಿನ ಕಲಮು ಎಲ್ಲ ಇದ್ದವು. ಅದನ್ನು ತೆಗೆದುಕೊಂಡು ಕಂಬಳಿ ಬೀದಿಗೆ ಹೋದೆ. ಮಾರಕ್ಕ ಹಾಸು ಕಟ್ಟುವ ಹಗ್ಗದ ಸಿಕ್ಕು ಬಿಡಿಸುತ್ತಿದ್ದಳು. "ಓದು" ಎಂದಳು. ಓದಿದೆ. ಕಂಬಳಿ ನೇಕಾರರು ಹಾಸು ಬಿಗಿದು ಗಂಜಿ ಹಾಕಲು ಬಹುಕಾಲದಿಂದ ಬಳಸುತ್ತಿರುವರೆನ್ನಲಾದ ಎಂಟು ಕುಳಿಗಳನ್ನು, ಇದರೊಂದಿಗೆ ಲಗತ್ತಿಸಿದ ನಕ್ಷೆಯಲ್ಲಿ ಗುರುತಿಸಿದಂತೆ, ತಾವು ಅನುಮತಿಯಿಲ್ಲದೆ ತೆರೆದಿರುತ್ತೀರಿ. ಈ ಬಗ್ಗೆ ಲಿಖಿತ ಸಮಜಾಯಿಷಿ ನೀಡುವುದು. ವಿಷಯವನ್ನು ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು. ಅಲ್ಲಿಯವರೆಗೆ ಸದರಿ ಕುಳಿಗಳನ್ನು ಇದ್ದಂತೆಯೇ ಇಡತಕ್ಕದ್ದು.

"ಎಂಟು ಅಂತ ಐತಾ?"

"ಐತೆ."

"ಗಂಜಿ ಅಂತ?"

"ಐತೆ ಮಾರಕ್ಕ. ನಕ್ಷೇನೂ ಐತೆ, ಬೇವಿನ ಮರಾನೂ ಬರ್ದವ್ರೆ. ಕೆಳಗೆ ಸೀಲೂ ಐತೆ."

ಇನ್ನೊಂದು ಸಲ ಓದಿಸಿದಳು. ಓದಿ ಮುಗಿಸಿ ನಾನು ಕಾಗದ ಮಡಚಿ ಬ್ಯಾಗಿಗೆ ಹಾಕಲು ಹೋದೆ, ಸಮಜಾಯಿಷಿ ಬರೆಯಬೇಕಿತ್ತಲ್ಲ. ಸಭೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ, ಆದರೆ ಈ ಸಲ ಒಂದೊಂದು ಅಕ್ಷರವೂ ಪುಸ್ತಕಕ್ಕೆ ಹೋಗುವ ತನಕ ಆಫೀಸಿನ ಬಾಗಿಲಲ್ಲಿ ಕೂತಿರುತ್ತೇನೆ ಎಂದು ಹೇಳಿದೆ. ಮಾರಕ್ಕ ಕೈ ಚಾಚಿದಳು.

"ನೀನು ಜೆರಾಕ್ಸ್ ಮಾಡಿಸ್ಕೋ. ಇದು ನನ್ ಹತ್ರ ಇರ್ಲಿ" ಎಂದಳು. "ನಿನ್ ಮಾತು ನನ್ ಹತ್ರ ಆವಾಗ್ಲಿಂದ್ಲೂ ಐತೆ ಕಣವ್ವ. ಕಾಗದ ಇರ್ಲಿಲ್ಲ."

ನಾನು ಕೊಟ್ಟೆ.